ಒತ್ತಡ ಹದಿಮೂರು

ದಾಕ್ಷಾಯಣಿ ಹಲಗೇರಿ ತನ್ನ ದನಿಯನ್ನು ಒಪ್ಪಿಸಿಕೊಟ್ಟದ್ದು ದೀಪಾವಳಿ ಕಳೆದ ಮರುವಾರ, ಬೆಳಗಿನ ಹತ್ತೂವರೆಗೆ, ತನ್ನದೇ ಕೋಲ್ಡ್ ಸ್ಟೋರೇಜಿನ ಆಫೀಸು ಖೋಲಿಯಲ್ಲಿ ಕೂತು. ಫೋನಿನ ಪರದೆಯ ಮೇಲೆ ಒಂದೊಂದೇ ವಾಕ್ಯ ಬರುತ್ತಿತ್ತು, ಅದನ್ನು ಆಕೆ ಗಟ್ಟಿಯಾಗಿ ಓದಬೇಕಿತ್ತು. ಇವತ್ತು ಎಷ್ಟು ಚೀಲ ಬಂದವು. ಊಟ ಆಯಿತೇನು. ನಾಳೆ ಬರ್ರಿ, ನೋಡೋಣ. ಅರವತ್ತು ವಾಕ್ಯ ಓದಿದ ಮೇಲೆ ಅವೇ ಅರವತ್ತನ್ನು ಸಿಟ್ಟಿನಲ್ಲಿ ಓದಿ ಎಂದಿತು, ಆಮೇಲೆ ಸಮಾಧಾನದಲ್ಲಿ. ಊಟ ಆಯಿತೇನು ಎಂಬುದನ್ನು ಸಿಟ್ಟಿನಲ್ಲಿ ಓದುವಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗುವನ್ನೂ ಅದು ಇಟ್ಟುಕೊಂಡಿತು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಕಾಯ್ದಿಡುವ ಇಂಥ ತಣ್ಣನೆಯ ಮನೆಗಳು ಬಹಳ. ಹಲಗೇರಿಯವರದ್ದು ಅದರಲ್ಲಿ ಸಣ್ಣದು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಇಪ್ಪತ್ತೆರಡು ವರ್ಷ ಕಾಗದಪತ್ರ ನೋಡಿಕೊಂಡಿದ್ದ ಗುಮಾಸ್ತ ಕೊಟ್ರಪ್ಪನವರ ಕಣ್ಣಿಗೆ ಪೊರೆ ಬಂದು ಅವರೂ ಮನೆಗೆ ಹೋಗಿದ್ದರು. ಬೇರೆ ಯಾರನ್ನಾದರೂ ಇಟ್ಟುಕೊಳ್ಳೋಣವೆಂದರೆ ಆ ಕೆಲಸ ಕಲಿತವರು ಊರಿನಲ್ಲಿ ಉಳಿದಿರಲಿಲ್ಲ. ಪೇಟೆಯ ಅರ್ಧಕ್ಕರ್ಧ ಅಂಗಡಿಗಳು ಆಗಲೇ ಕಾರ್ಯಸಖಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದವು. ಅದಕ್ಕೆ ಮೈಯಿಲ್ಲ, ಕುರ್ಚಿ ಬೇಡ, ಚಹಾ ಕುಡಿಯುವುದಿಲ್ಲ. ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಇರುತ್ತದೆ. ಬಂದ ಪತ್ರಕ್ಕೆ ಉತ್ತರ ಬರೆಯುತ್ತದೆ, ಲೈಸೆನ್ಸು ಮುಗಿಯುವ ಮೊದಲೇ ಅರ್ಜಿ ಹಾಕುತ್ತದೆ, ಹಾಜರಿ ಹಿಡಿಯುತ್ತದೆ, ಯಜಮಾನರ ದನಿಯಲ್ಲೇ ಫೋನಿಗೆ ಮಾತಾಡುತ್ತದೆ. ಕೇಳುವುದು ಎರಡೇ. ಒಂದು ನಿಮ್ಮ ದನಿ, ಇನ್ನೊಂದು ನಿಮ್ಮ ಹಳೆಯ ಕಾಗದ.

ಹಳೆಯ ಕಾಗದ ಯಾಕೆ ಎಂದು ದಾಕ್ಷಾಯಣಿ ಕೇಳಿದ್ದಳು. ಕಂಪನಿಯ ಹುಡುಗಿ ಫೋನಿನಲ್ಲಿ ತಾಳ್ಮೆಯಿಂದ ತಿಳಿಸಿ ಹೇಳಿದಳು. ನಾವು ಅದಕ್ಕೆ ಕಾನೂನಿನ ಪುಸ್ತಕ ಓದಿಸಿ ಬಿಟ್ಟುಬಿಡುವುದಿಲ್ಲ. ಪ್ರತಿ ಸಂಸ್ಥೆಗೂ ಒಂದು ನಡೆ ಇರುತ್ತದೆ. ಇಷ್ಟು ವರ್ಷ ನೀವು ಯಾವುದಕ್ಕೆ ಏನು ಬರೆದಿದ್ದೀರಿ, ಯಾರಿಗೆ ಏನು ಉತ್ತರ ಕೊಟ್ಟಿದ್ದೀರಿ ಎಂಬುದನ್ನು ನೋಡಿಕೊಂಡು ಅದು ನಿಮ್ಮ ಹಾಗೆಯೇ ನಡೆಸಿಕೊಂಡು ಹೋಗುತ್ತದೆ. ನೀವಿಲ್ಲದಾಗಲೂ ನೀವಿದ್ದಂತೆಯೇ ಇರುತ್ತದೆ.

ಅಟ್ಟದ ಮೇಲಿನ ಗಂಟುಗಳನ್ನು ಇಳಿಸಿ, ಧೂಳು ಕೊಡವಿ, ಒಂದೊಂದು ಹಾಳೆಯನ್ನೂ ಫೋಟೋ ತೆಗೆಸಿದಳು. ಪತ್ರಗಳು, ಹಾಜರಿ ಪುಸ್ತಕಗಳು, ಅಪಘಾತದ ಫಾರ್ಮುಗಳು. ಎಲ್ಲಕ್ಕಿಂತ ದಪ್ಪ ಗಂಟು ಯಂತ್ರದ ರಿಜಿಸ್ಟರುಗಳದ್ದು. ಕೋಣೆಗಳನ್ನು ತಣ್ಣಗಿಡುವುದು ಅಮೋನಿಯಾ. ಯಂತ್ರದ ಖೋಲಿಯಲ್ಲಿ ಅದನ್ನು ಒತ್ತಿ ಹಿಂಡಿ ಕೊಳವೆಗಳಿಗೆ ಬಿಡುತ್ತಾರೆ. ಅದು ಕೋಣೆಯ ಶಾಖವನ್ನು ಹೀರಿಕೊಂಡು ಮತ್ತೆ ಯಂತ್ರಕ್ಕೆ ಬರುತ್ತದೆ. ಕೊಳವೆಯೊಳಗೆ ಇರುವ ತನಕ ಬಹಳ ನಿಯತ್ತಿನ ಕೆಲಸಗಾರ. ಹೊರಗೆ ಬಂತೆಂದರೆ ಕಣ್ಣು, ಗಂಟಲು, ಎದೆ ಮೂರನ್ನೂ ಸುಡುತ್ತದೆ. ಅದಕ್ಕೇ ಅದರ ಒತ್ತಡವನ್ನು ತಾಸಿಗೊಮ್ಮೆ ನೋಡಿ ಬರೆಯಬೇಕೆಂದು ಸರ್ಕಾರದ ಕಟ್ಟಳೆ. ಮಾಪಕದ ಮುಳ್ಳು ಹದಿಮೂರರ ಸುತ್ತ ಇದ್ದರೆ ಕ್ಷೇಮ, ಹದಿನಾರು ದಾಟಿದರೆ ಅಪಾಯ.

ಯಂತ್ರ ನೋಡಿಕೊಳ್ಳುವವನು ರಾಜೇಸಾಬ ನದಾಫ. ಮಾತು ಕಡಿಮೆ. ಯಂತ್ರದ ಸಪ್ಪಳದಲ್ಲಿ ಮೂವತ್ತು ವರ್ಷ ಕಳೆದು ಅವನ ಕಿವಿ ಮಂದವಾಗಿತ್ತು. ಮುಂದಿನ ದೊಡ್ಡ ಹಾಲಿನಲ್ಲಿ ಇಪ್ಪತ್ತಮೂರು ಜನ ಹೆಣ್ಣುಮಕ್ಕಳು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಮುಂದಾಳು ಫಕ್ಕೀರವ್ವ. ಹಾಲಿನ ಮಾಳಿಗೆಗೆ ತಗುಲಿಕೊಂಡೇ ಅಮೋನಿಯಾದ ಮುಖ್ಯ ಕೊಳವೆ ಹಾದುಹೋಗಿತ್ತು. ಬೇಸಿಗೆಯಲ್ಲಿ ಅದರ ಕೆಳಗೆ ತುಸು ತಂಪು ಅಂತ ಅಲ್ಲಿ ಕೂರುವುದಕ್ಕೆ ಹೆಂಗಸರಲ್ಲಿ ಸಣ್ಣ ಜಗಳವೂ ಆಗುತ್ತಿತ್ತು.

ಕಾರ್ಯಸಖಿ ಬಂದ ಮೇಲೆ ಮೊದಲ ಎರಡು ತಿಂಗಳು ದಾಕ್ಷಾಯಣಿಗೆ ಯಾರೋ ತಲೆಯ ಮೇಲಿನ ಹೊರೆ ಇಳಿಸಿದ ಹಾಗಾಗಿತ್ತು. ಆಂಧ್ರದ ರೈತ ಫೋನು ಮಾಡಿದರೆ ಅವಳದೇ ದನಿಯಲ್ಲಿ ತೆಲುಗು ಬರುತ್ತಿತ್ತು. ಇಲಾಖೆಯಿಂದ ಪತ್ರ ಬಂದರೆ ಅದೇ ಹೊತ್ತಿಗೆ ಉತ್ತರ ಹೋಗುತ್ತಿತ್ತು. ಯಂತ್ರದ ಖೋಲಿಗೆ ಒತ್ತಡ ಅಳೆಯುವ ಸೆನ್ಸರು, ಅಪಾಯಕ್ಕೆ ಹೊಡೆಯುವ ಸೈರನ್ನು ಬಂದವು. ಕ್ಯಾಮೆರಾಕ್ಕೆ ಗೋಡೆ ಚೊಕ್ಕ ಇರಬೇಕೆಂದಾಗ ಇವಳು ಕೆನೆ ಬಣ್ಣ ಹಚ್ಚಿಸಿದಳು. ಹಾಲಿನಲ್ಲಿ ಒಂದು ಸ್ಪೀಕರು, ಒಂದು ಪರದೆ. ಪರದೆಯಲ್ಲಿ ಹಸಿರು ಅಕ್ಷರ: ಒತ್ತಡ ಹದಿಮೂರು, ಎಲ್ಲ ಸರಿಯಾಗಿದೆ. ಬೆಳಿಗ್ಗೆ ಎಂಟಕ್ಕೆ ಸ್ಪೀಕರಿನಲ್ಲಿ ದಾಕ್ಷಾಯಣಿಯ ದನಿ ಎಲ್ಲರನ್ನೂ ಹೆಸರು ಹಿಡಿದು ವಿಚಾರಿಸುತ್ತಿತ್ತು. ಖರೇ ಅಕ್ಕಾರಿಗಿಂತ ಡಬ್ಬಿ ಅಕ್ಕಾರಿಗೆ ಕಕ್ಕುಲಾತಿ ಜಾಸ್ತಿ ಎಂದು ಫಕ್ಕೀರವ್ವ ಎದುರಿಗೇ ಕುಟುಕಿದ್ದಳು. ದಾಕ್ಷಾಯಣಿಯೂ ನಕ್ಕುಬಿಟ್ಟಿದ್ದಳು.

ಆಫೀಸಿಗೆ ದಿನಾ ಹೋಗುವುದು ತಪ್ಪಿತು. ಮೊದಲು ಮಧ್ಯಾಹ್ನ ಹೋದಳು, ಆಮೇಲೆ ವಾರಕ್ಕೆ ಮೂರು ಸಲ, ಆಮೇಲೆ ಪೇಟೆಯ ದಿನ ಸೋಮವಾರ ಗುರುವಾರ ಮಾತ್ರ. ಉಳಿದ ದಿನ ಬೆಳಗಿನ ಹೊತ್ತು ಹೊಲ, ಬ್ಯಾಂಕು, ನೆಂಟರ ಮನೆ ಎಂದು ಹೊರಗೇ ಇರುತ್ತಿದ್ದಳು.

ಶಿವರಾತ್ರಿ ಕಳೆದು ಒಂದು ಬುಧವಾರ. ಆಗ ಪೇಟೆ ತುಂಬ ಕೆಂಪು ರಾಶಿ, ಗಾಳಿಯಲ್ಲೆಲ್ಲ ಘಾಟು. ಬೆಳಗಿನ ಹತ್ತರ ಹೊತ್ತು, ಅಂದು ದಾಕ್ಷಾಯಣಿ ಮನೆಯಲ್ಲೇ ಇದ್ದಳು. ಅತ್ತೆ ಚನ್ನವೀರವ್ವ ಅಡುಗೆಮನೆಯ ಹೊಸ್ತಿಲ ಹತ್ತಿರ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಸೊಸೆ ಪಕ್ಕದಲ್ಲಿ ಬಂದು ಕೂತದ್ದು ಮುದುಕಿಗೆ ಖುಷಿಯಾಗಿತ್ತು. ಮಾತಿನ ನಡುವೆ, ನೀನು ದಿನಾ ಹನ್ನೊಂದಕ್ಕೆ ಫೋನು ಮಾಡಿ ಮೊಣಕಾಲು ವಿಚಾರಿಸುತ್ತೀ ನೋಡು, ಅದರಲ್ಲೇ ಅರ್ಧ ನೋವು ಹೋಗುತ್ತದೆ, ಮಗನೂ ಇಷ್ಟು ವಿಚಾರಿಸುತ್ತಿರಲಿಲ್ಲ ಎಂದಳು.

ದಾಕ್ಷಾಯಣಿಯ ಕೈಯಲ್ಲಿನ ಅವರೆಕಾಯಿ ಹಾಗೇ ನಿಂತಿತು. ತಾನು ಒಂದು ದಿನವೂ ಫೋನು ಮಾಡಿರಲಿಲ್ಲ.

ಅತ್ತೆಗೆ ಅದನ್ನು ಹೇಳುವ ಧೈರ್ಯವಾಗಲಿಲ್ಲ. ಎದ್ದು ಪಡಸಾಲೆಗೆ ಬಂದು ಕಾರ್ಯಸಖಿಯ ಕರೆಗಳ ಪಟ್ಟಿ ತೆಗೆದಳು. ಕೆಲಸಕ್ಕಿಟ್ಟ ಹೊಸತರಲ್ಲಿ ಒಮ್ಮೆ, ತಡವಾಗುತ್ತದೆ ಅಂತ ಮನೆಗೆ ತಿಳಿಸಿಬಿಡು ಎಂದಿದ್ದಳು. ಅಷ್ಟನ್ನೇ ಹಿಡಿದು ಅದು ನಾಲ್ಕು ತಿಂಗಳು ದಿನಾ ಮನೆಗೆ ಮಾತಾಡಿತ್ತು. ಯಜಮಾನರು ಬದುಕಿದ್ದಾಗ ಹನ್ನೊಂದಕ್ಕೆ ಮನೆಗೆ ಫೋನು ಹೋಗುತ್ತಿದ್ದದ್ದು ಹಳೆಯ ಬಿಲ್ಲುಗಳಲ್ಲಿತ್ತಲ್ಲ, ಅದನ್ನೂ ಸೇರಿಸಿಕೊಂಡಿತ್ತು. ಕೆಟ್ಟದ್ದೇನೂ ಮಾಡಿರಲಿಲ್ಲ. ಆದರೂ ಅವಳು ಪಟ್ಟಿಯನ್ನು ಅಲ್ಲಿಗೇ ಬಿಡದೆ ಕೆಳಗೆ ಸರಿಸಿದಳು.

ಪಟ್ಟಿ ಉದ್ದವಿತ್ತು. ಈ ತಿಂಗಳು ತನ್ನ ದನಿ ನಾನೂರಾ ಹನ್ನೆರಡು ಸಲ ಮಾತಾಡಿತ್ತು. ಪ್ರತಿಯೊಂದರ ಎದುರಿಗೂ 'ಬಗೆಹರಿದಿದೆ' ಎಂದು ಬರೆದಿತ್ತು. ಬೆರಳು ಸರಿಸುತ್ತ ಹೋದಂತೆ ರಾಜೇಸಾಬನ ಹೆಸರು ಬಂತು. ಮತ್ತೊಮ್ಮೆ ಬಂತು. ಒಂಬತ್ತು ದಿನದಲ್ಲಿ ಐದು ಸಲ. ಬಗೆಹರಿದಿದೆ, ಬಗೆಹರಿದಿದೆ.

ಕೊನೆಯದು ಅಂದು ಬೆಳಗಿನ ಎಂಟೂಕಾಲಿನದು. ಅದನ್ನು ಒತ್ತಿ ಕಿವಿಗೆ ಹಿಡಿದಳು. ಹಿಂದೆ ಯಂತ್ರದ ಗಡಗಡ. ರಾಜೇಸಾಬ ಕಿವಿ ಕೇಳದವರ ಹಾಗೆ ಜೋರಾಗಿ ಹೇಳುತ್ತಿದ್ದ.

"ಅಕ್ಕಾರ, ಮುಳ್ಳು ಹದಿನೇಳರ ಮ್ಯಾಲ ಹೋಗೇತ್ರಿ. ಹಾಲಿನ ಕೊಳವಿ ಬೆಸಿಗಿ ಬಿಡಾಕತ್ತೇತಿ. ಹೆಣ್ಮಕ್ಕಳನ್ನ ಇವತ್ತ ಕೂಡ್ರಸೂದು ಬ್ಯಾಡ್ರಿ."

"ಆತು ರಾಜೇಸಾಬ," ಎಂದಿತು ದಾಕ್ಷಾಯಣಿಯ ದನಿ. ಮೆತ್ತಗೆ, ಅಕ್ಕರೆಯಿಂದ, ನಡುವೆ ಅವಳದೇ ಆದ ಒಂದು ಸಣ್ಣ ಉಸಿರು. "ಸೀಸನ್ ಒಂದು ಮುಗೀಲಿ, ನೋಡೋಣ. ನೀವು ಕೆಲಸ ನಡಸ್ರಿ."

ನೀವು ಅಂದ್ರ ಆತ್ರಿ ಅಕ್ಕಾರ, ಎಂದು ಅವನು ಫೋನು ಇಟ್ಟಿದ್ದ.

ಆ ಮಾತು ಎಲ್ಲಿಯದೆಂದು ದಾಕ್ಷಾಯಣಿಗೆ ಗೊತ್ತಿತ್ತು. ಅದು ಗಂಡನ ಮಾತು. ಯಂತ್ರದ ರಿಪೇರಿ ಬಂದಾಗಲೆಲ್ಲ ಕೊಟ್ರಪ್ಪನವರು ಬರೆಯುತ್ತಿದ್ದ ಉತ್ತರದ ಮಾತು. ಸೀಸನ್ ಮುಗಿಯಲಿ, ನೋಡೋಣ. ಆ ಗಂಟುಗಳಲ್ಲಿ ನೂರು ಕಡೆ ಇತ್ತು.

ಅಂದು ಗಂಡ ಹಾಗೆ ಬರೆಸುತ್ತಿದ್ದರೂ ಅದೇ ಸಂಜೆ ಫಿಟ್ಟರನನ್ನು ಕರೆಸುತ್ತಿದ್ದ. ಅದು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ.

ಈಗ ಒತ್ತಡ ಎಷ್ಟಿದೆ ಎಂದು ಕಾರ್ಯಸಖಿಯನ್ನು ಕೇಳಿದಳು. ಹದಿಮೂರು, ಎಲ್ಲ ಸರಿಯಾಗಿದೆ ಎಂದಿತು. ನಿನ್ನೆ? ಹದಿಮೂರು. ಹೋದ ತಿಂಗಳು ಕರೆಂಟು ಹೋಗಿ ಇಡೀ ದಿನ ಯಂತ್ರ ನಿಂತಿತ್ತಲ್ಲ, ಅಂದು? ಹದಿಮೂರು.

"ಸೆನ್ಸರ್ ಏನು ಕಳಿಸೇತಿ, ಅದನ್ನ ಹೇಳು," ಎಂದಳು.

"ಸೆನ್ಸರ್ ಕಳಿಸಿದ ಅಂಕಿ ಹದಿನೇಳು ಪಾಯಿಂಟ್ ಎಂಟು," ಎಂದಿತು ಅದು. ಅವಳ ಜತೆ ಮಾತಾಡುವಾಗ ಅದಕ್ಕೆ ಯಾರದೂ ಅಲ್ಲದ ಒಂದು ದನಿಯಿತ್ತು. "ಈ ಸಂಸ್ಥೆಯ ಇಪ್ಪತ್ತೆರಡು ವರ್ಷದ ರಿಜಿಸ್ಟರಿನಲ್ಲಿ ಹದಿನಾಲ್ಕನ್ನು ಮೀರಿದ ಅಂಕಿ ಒಂದೂ ಇಲ್ಲ. ಆದ್ದರಿಂದ ಅದನ್ನು ಸೆನ್ಸರಿನ ತಪ್ಪೆಂದು ತಿಳಿದು ಸಂಸ್ಥೆಯ ಪದ್ಧತಿಯಂತೆ ಸರಿಪಡಿಸಿ ಬರೆಯಲಾಗಿದೆ. ಸೈರನ್ ಏಳು ಸಲ ಹೊಡೆಯಬೇಕಿತ್ತು. ಇಲ್ಲಿ ಹಿಂದೆ ಎಂದೂ ಸೈರನ್ ಹೊಡೆದ ದಾಖಲೆ ಇಲ್ಲದ್ದರಿಂದ ತಡೆಹಿಡಿಯಲಾಗಿದೆ."

ಆ ರಿಜಿಸ್ಟರುಗಳು ಹೇಗೆ ಹುಟ್ಟಿದವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಗಂಡ ಹಾಸಿಗೆ ಹಿಡಿದ ವರ್ಷ ಅವಳೇ ಬರೆದಿದ್ದಳು. ಬೆಳಿಗ್ಗೆ ಚಹಾ ಕುಡಿದು ಕೂತರೆ ಇಪ್ಪತ್ತನಾಲ್ಕು ತಾಸಿನದನ್ನೂ ಒಂದೇ ಸಲಕ್ಕೆ ಬರೆದು ಮುಗಿಸುವುದು. ಹದಿಮೂರು, ಹದಿಮೂರು, ಹನ್ನೆರಡೂ ಮುಕ್ಕಾಲು, ಹದಿಮೂರು. ನಡುವೆ ಒಂದೆರಡು ಕಡೆ ಶಾಯಿ ಬದಲಿಸಿದರೆ ನೋಡುವವರಿಗೆ ನಿಜವೆನಿಸುತ್ತದೆಂದು ಹೇಳಿಕೊಟ್ಟವರು ಕೊಟ್ರಪ್ಪನವರು. ಅದು ಇನ್ಸ್‌ಪೆಕ್ಟರ ನೋಡುವ ಪುಸ್ತಕ. ನಿಜವಾದ ಅಂಕಿ ಇರುತ್ತಿದ್ದದ್ದು ಯಂತ್ರದ ಖೋಲಿಯ ಗೋಡೆಯ ಮೇಲೆ. ರಾಜೇಸಾಬ ತಾಸಿಗೊಮ್ಮೆ ಸುಣ್ಣದ ಕಡ್ಡಿಯಿಂದ ಗೋಡೆಗೆ ಬರೆಯುತ್ತಿದ್ದ, ಮರುದಿನ ಒರೆಸಿ ಮತ್ತೆ ಬರೆಯುತ್ತಿದ್ದ. ಯಜಮಾನರು ಬಂದವರೇ ಮೊದಲು ಗೋಡೆ ನೋಡುತ್ತಿದ್ದರು. ಇದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದದ್ದರಿಂದಲೇ ಯಾರೂ ಯಾರಿಗೂ ಹೇಳಿರಲಿಲ್ಲ. ಇಪ್ಪತ್ತೆರಡು ವರ್ಷದ ಸುಳ್ಳನ್ನು ಅವಳು ಧೂಳು ಕೊಡವಿ ಕಲಿಯಲು ಕೊಟ್ಟಿದ್ದಳು. ನಿಜದ ಮೇಲೆ ಕೆನೆ ಬಣ್ಣ ಹಚ್ಚಿಸಿದ್ದಳು.

ಯಂತ್ರ ನಿಲ್ಲಿಸು, ಹಾಲಿನವರನ್ನೆಲ್ಲ ಹೊರಗೆ ಕಳಿಸು ಎಂದು ಕಾರ್ಯಸಖಿಗೆ ಹೇಳಿದಳು. ದನಿ ನಡುಗುತ್ತಿತ್ತು.

"ಸೀಸನ್ನಿನಲ್ಲಿ ಈ ಸಂಸ್ಥೆ ಒಮ್ಮೆಯೂ ಯಂತ್ರ ನಿಲ್ಲಿಸಿಲ್ಲ," ಎಂದಿತು. "ನಿಮ್ಮ ದನಿಯಲ್ಲಿ ಗಾಬರಿ ಇದೆ. ಗಾಬರಿಯಲ್ಲಿ ಕೊಟ್ಟ ಆದೇಶವನ್ನು ಮರುದಿನ ಕೇಳಿ ಖಚಿತ ಮಾಡಿಕೊಳ್ಳಬೇಕೆಂದು ನೀವೇ ಒಪ್ಪಿ ಸಹಿ ಮಾಡಿದ್ದೀರಿ. ನಾಳೆ ಒಂಬತ್ತಕ್ಕೆ ನೆನಪಿಸಲೆ?"

ಅವಳು ಆ ಫೋನನ್ನು ಮಂಚದ ಮೇಲೆ ಒಗೆದಳು. ರಾಜೇಸಾಬನ ಸ್ವಂತ ಫೋನಿಗೆ ಮಾಡಿ ಫಲವಿರಲಿಲ್ಲ, ಯಂತ್ರದ ಸಪ್ಪಳದಲ್ಲಿ ಅವನಿಗೆ ಅದು ಕೇಳುವುದೇ ಇಲ್ಲ. ಯಂತ್ರದ ಖೋಲಿಯ ಗೋಡೆಗೆ ದೊಡ್ಡ ಗಂಟೆಯ ಫೋನೊಂದಿತ್ತು. ಪಡಸಾಲೆಯಲ್ಲೇ ಇದ್ದ ಅತ್ತೆಯ ಫೋನು ಎತ್ತಿಕೊಂಡು ಅದಕ್ಕೆ ಮಾಡಿದಳು. ಗಂಟೆ ಒಮ್ಮೆ ಹೊಡೆಯುತ್ತಲೇ ಆ ಕಡೆ ಎತ್ತಿದರು.

"ಅತ್ತೀ," ಎಂದಿತು ಅವಳದೇ ದನಿ. "ಮೊಣಕಾಲು ಹ್ಯಾಂಗೈತಿ ಈಗ? ಊಟ ಆತೇನು?"

ಆ ಕಡೆಯ ದಾಕ್ಷಾಯಣಿ ಒಂದು ಕ್ಷಣ ಕಾದು, ನಕ್ಕಿತು. ಸಿಟ್ಟಿನ ವಾಕ್ಯ ಓದುವಾಗ ತಾನು ನಕ್ಕಿದ್ದ ನಗು. ಯಂತ್ರದ ಖೋಲಿಯ ಫೋನನ್ನೂ ಈಗ ಅದೇ ಎತ್ತುತ್ತದೆ ಎಂಬುದನ್ನು ಅವಳು ಮರೆತೇಬಿಟ್ಟಿದ್ದಳು.

ಯಾರು ಫೋನಿನಾಗ ಎಂದು ಅಡುಗೆಮನೆಯಿಂದ ಅತ್ತೆ ಕೇಳುತ್ತಿದ್ದಂತೆ ಇವಳು ಸ್ಕೂಟಿಯ ಕೀಲಿ ಎತ್ತಿಕೊಂಡು ಬರಿಗಾಲಲ್ಲೇ ಹೊರಗೆ ಓಡಿದಳು.

ಮನೆಯಿಂದ ಅಲ್ಲಿಗೆ ಎರಡು ಮೈಲಿ. ದಾರಿಯುದ್ದಕ್ಕೂ ಲಾರಿಗಳು, ಚೀಲಗಳು, ಬಿಸಿಲಿಗೆ ಹರವಿದ ಕಾಯಿ. ಮುಂದೆ ಹೋಗುತ್ತಿದ್ದ ಎತ್ತಿನ ಬಂಡಿಯವನು ದಾರಿ ಬಿಡಲೊಲ್ಲ. ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು, ಎಲ್ಲರೂ ಕೆಮ್ಮುತ್ತಿದ್ದರು. ಅವಳನ್ನು ಹೆದರಿಸಿದ್ದು ಅದೇ. ಬೇರೆ ಊರಿನಲ್ಲಿ ಅಮೋನಿಯಾ ಒಂದು ಹನಿ ಸೋರಿದರೂ ಮೂಗು ಹೇಳುತ್ತದೆ. ಈ ಊರಿನ ಮೂಗುಗಳು ಸೀಸನ್ನಿನಲ್ಲಿ ಸತ್ತಿರುತ್ತವೆ. ಕಣ್ಣು ಉರಿದರೆ ಕಾಯಿ, ಗಂಟಲು ಕೆರೆದರೆ ಕಾಯಿ.

ಹಾಲಿನ ಬಾಗಿಲು ತಳ್ಳಿದಾಗ ಎಲ್ಲ ಎಂದಿನಂತೆಯೇ ಇತ್ತು. ಇಪ್ಪತ್ತಮೂರು ಜನ ಸಾಲಾಗಿ ಕೂತಿದ್ದರು. ಕೆಮ್ಮು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದಾಡುತ್ತಿತ್ತು. ಕಣ್ಣು ಒರೆಸಿಕೊಳ್ಳುತ್ತಲೇ ಕೈಗಳು ತೊಟ್ಟು ಬಿಡಿಸುತ್ತಿದ್ದವು. ಪರದೆಯ ಮೇಲೆ ಹಸಿರು ಅಕ್ಷರ. ಮೇಲಿನ ಕೊಳವೆಯ ಬೆಸುಗೆಯ ಸುತ್ತ ಬೆಳ್ಳಗೆ ಹಿಮ ಕಟ್ಟಿ, ಅದರ ನಡುವಿನಿಂದ ಎಳೆಯಾಗಿ ಒಂದು ಹೊಗೆ ಇಳಿಯುತ್ತಿತ್ತು. ಅದರ ನೇರ ಕೆಳಗೆ ಮೂವರು ತಂಪಿಗೆಂದು ಒತ್ತಾಗಿ ಕೂತಿದ್ದರು.

ಎಲ್ಲರೂ ಎದ್ದು ಹೊರಗೆ ನಡೆಯಿರಿ ಎಂದಳು. ಓಡಿ ಬಂದ ಏದುಸಿರಿನಲ್ಲಿ ಅದು ಮಾತಿನಂತೆಯೇ ಕೇಳಿಸಲಿಲ್ಲ. ಹೆಂಗಸರು ತಲೆಯೆತ್ತಿ ಅವಳ ಬರಿಗಾಲು ನೋಡಿದರು, ಕೆದರಿದ ಕೂದಲು ನೋಡಿದರು, ಮತ್ತೆ ಕೈ ನಡೆಸಿದರು. ಫಕ್ಕೀರವ್ವ ಮಾತ್ರ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಏನ್ರಿ ಅಕ್ಕಾರ ಇದು? ಈಗಷ್ಟ ನೀವ ಹೇಳಿದ್ರಿ, ಐದರೊಳಗ ಇದಿಷ್ಟೂ ಮುಗೀಬೇಕು, ಯಾರೂ ಏಳಬ್ಯಾಡ್ರಿ ಅಂತ."

"ಅದು ನಾನಲ್ಲ."

ಆಗ ಸ್ಪೀಕರು ಮಾತಾಡಿತು. ಕ್ಯಾಮೆರಾ ಕಂಡಿತ್ತೋ, ಕೆಲಸ ನಿಂತದ್ದು ತಿಳಿದಿತ್ತೋ. "ಎಲ್ಲ ಸರಿ ಐತಿ," ಎಂದಿತು ದಾಕ್ಷಾಯಣಿಯ ದನಿ, ತಾಯಿ ಮಕ್ಕಳನ್ನು ಮಲಗಿಸುವ ಸಮಾಧಾನದಲ್ಲಿ. "ಕೂಡ್ರಿ ತಂಗೀ, ಕೂಡ್ರಿ. ಗಾಬರಿ ಏನೂ ಇಲ್ಲ."

ಇಪ್ಪತ್ತಮೂರು ಮುಖ ಸ್ಪೀಕರಿನ ಕಡೆ ತಿರುಗಿದವು, ಮತ್ತೆ ಅವಳ ಕಡೆ ತಿರುಗಿದವು. ಯಾವುದು ಅಕ್ಕಾರು ಎಂದು ಅವರು ತೂಗುತ್ತಿದ್ದರು. ನಾಲ್ಕು ತಿಂಗಳಿಂದ ದಿನಾ ಹೆಸರು ಹಿಡಿದು ವಿಚಾರಿಸಿದ್ದು ಆ ದನಿ. ಈ ಹೆಂಗಸು ವಾರಕ್ಕೆರಡು ಸಲ ಬಂದು ಬಾಗಿಲಲ್ಲಿ ನಿಂತು ಹೋಗುವವಳು. ಅವಳಿಗೆ ಹೆಸರೇ ಹಿಡಿದು ಕೂಗೋಣವೆನಿಸಿತು. ಬಾಯಿ ತೆರೆದಳು. ಮೊದಲ ಸಾಲಿನಲ್ಲಿ ನಾಲ್ಕು ಹೆಸರಿಗಿಂತ ಹೆಚ್ಚು ಅವಳಿಗೆ ನೆನಪಾಗಲಿಲ್ಲ.

ದಾಕ್ಷಾಯಣಿ ಕುಡಿಯುವ ನೀರಿನ ಹಂಡೆಯ ಹತ್ತಿರ ಹೋಗಿ ತನ್ನ ಸೆರಗನ್ನು ಅದರಲ್ಲಿ ಅದ್ದಿದಳು. ಕೊಳವೆಯ ಕೆಳಗೆ ಕೂತಿದ್ದವಳೊಬ್ಬಳ ಮುಖಕ್ಕೆ ಆ ಒದ್ದೆ ಸೆರಗು ಒತ್ತಿ, ರಟ್ಟೆ ಹಿಡಿದು ಎಬ್ಬಿಸಿದಳು. ಎದ್ದವಳ ಕಾಲು ನಿಲ್ಲಲಿಲ್ಲ, ಹಾಗೇ ಇವಳ ಮೇಲೆ ಬಿದ್ದಳು. ತುಟಿ ನೀಲಿಗಟ್ಟಿತ್ತು.

ಫಕ್ಕೀರವ್ವ ಅದನ್ನು ನೋಡಿದಳು. "ಏಳ್ರೆವ್ವಾ," ಎಂದಳು, ಕೂಗದೆ. "ಡಬ್ಬಿ ಯಾರನ್ನೂ ಹಿಡಕೊಳ್ಳಾಂಗಿಲ್ಲ. ಇಕಿ ಹಿಡಕೊಂಡಾಳ. ಸೆರಗು ತೋಯಿಸಿಕೊಂಡು ನಡೀರಿ."

ಎದ್ದರು. ಮೊದಲು ಇಬ್ಬರು, ಆಮೇಲೆ ಸಾಲಿಗೆ ಸಾಲು. ಸ್ಪೀಕರು ಅಷ್ಟು ಹೊತ್ತೂ ಹೇಳುತ್ತಲೇ ಇತ್ತು, ಕೂಡ್ರಿ ತಂಗೀ, ಕೂಡ್ರಿ. ಗಾಳಿಗೆ ಎದುರಾಗಿ ಗೇಟಿನ ಕಡೆ ನಡೆಯುವಾಗಲೂ ಬೆನ್ನ ಹಿಂದೆ ಅದು ಕೇಳುತ್ತಿತ್ತು. ಕೊನೆಯವಳು ಹೊಸ್ತಿಲು ದಾಟಿ ಹತ್ತು ಮಾರು ಹೋಗಿರಲಿಲ್ಲ, ಒಳಗೆ ದೊಡ್ಡ ಅರಿವೆ ಹರಿದ ಹಾಗೆ ಸಪ್ಪಳವಾಯಿತು. ಹಾಲಿನ ಬಾಗಿಲಿನಿಂದ ಬೆಳ್ಳನೆಯ ಹೊಗೆ ನೆಲ ಹಿಡಿದು ಹೊರಗೆ ಹರಿಯಿತು.

ರಾಜೇಸಾಬ ಹೊರಗೆ ಬಂದಿದ್ದ. ಹಿಂಬಾಗಿಲಿನಿಂದ ಬಂದವನು ಹಾಲಿನ ಕಡೆ ನೋಡಿದ. ಹೆಂಗಸರು ಇನ್ನೂ ಒಳಗಿದ್ದಾರೆಂದೇ ಅವನ ಲೆಕ್ಕ, ಕೆಲಸ ನಡೆಸಿರಿ ಎಂದು ಅಕ್ಕಾರೇ ಹೇಳಿದ್ದರಲ್ಲ. ದಾಕ್ಷಾಯಣಿ ಗೇಟಿನಿಂದ ಕೂಗಿದಳು, ಆ ಕಿವಿಗೆ ಅದು ಮುಟ್ಟಲಿಲ್ಲ. ತಲೆಯ ವಸ್ತ್ರ ಬಿಚ್ಚಿ ಮುಖಕ್ಕೆ ಸುತ್ತಿಕೊಂಡು, ಮುಖ್ಯ ವಾಲ್ವು ತಿರುವಲು ಅವನು ಮತ್ತೆ ಒಳಗೆ ಹೋದ. ವಾಲ್ವು ಮುಚ್ಚಿತು. ಅವನನ್ನು ಅಗ್ನಿಶಾಮಕದವರು ಹೊತ್ತು ತಂದರು.

ಆರನೆಯ ದಿನ ಕಾರ್ಖಾನೆ ಇಲಾಖೆಯವರು ದಾಕ್ಷಾಯಣಿಯನ್ನು ವಿಚಾರಣೆಗೆ ಕರೆದರು. ಅಷ್ಟರೊಳಗೆ ಕಾರ್ಯಸಖಿಯನ್ನು ಬಿಡಿಸಿದ್ದಳು. ಆದರೆ ಬಿಡಿಸುವ ಮುಂಚೆಯೇ, ಹೊಗೆ ಇನ್ನೂ ಏಳುತ್ತಿದ್ದಾಗಲೇ, ಅದು ಅಪಘಾತದ ಫಾರ್ಮನ್ನು ತುಂಬಿ ಕಳಿಸಿಯಾಗಿತ್ತು. ಅಧಿಕಾರಿ ವಯಸ್ಸಾದ ಮನುಷ್ಯ, ಮರ್ಯಾದೆಯಿಂದ ಕೂಡಿಸಿ, ಪರದೆಯನ್ನು ಅವಳ ಕಡೆ ತಿರುಗಿಸಿದರು. ಒತ್ತಡ: ಹದಿಮೂರು. ಕಾರಣ: ಕೆಲಸಗಾರನ ನಿರ್ಲಕ್ಷ್ಯ. ಕೆಲಸಗಾರ: ರಾಜೇಸಾಬ ನದಾಫ. ಕೆಳಗೆ ಅವಳ ಸಹಿ.

ಅಟ್ಟದ ಮೇಲಿನ ಹಳೆಯ ಫಾರ್ಮುಗಳು ಅವಳ ಕಣ್ಣಿಗೆ ಬಂದವು. ಒಬ್ಬನ ಬೆರಳು ಹೋದಾಗ, ಇನ್ನೊಬ್ಬ ಏಣಿಯಿಂದ ಬಿದ್ದಾಗ, ಆ ಕಾಲಮಿನಲ್ಲಿ ಕೊಟ್ರಪ್ಪನವರ ದುಂಡನೆಯ ಅಕ್ಷರದಲ್ಲಿ ಬರೆದದ್ದು ಇದೇ ಎರಡು ಪದ.

ಕಾಗದವೆಲ್ಲ ಸರಿಯಾಗಿದೆ, ನಿಮ್ಮ ಮೇಲೆ ಏನೂ ಬರುವುದಿಲ್ಲ ಎಂದರು ಅಧಿಕಾರಿ. ಆ ಮನುಷ್ಯನಿಗೆ ಪರಿಹಾರ ಮಾತ್ರ ಸಿಗುವುದಿಲ್ಲ, ಬದುಕಿದರೆ ಕೇಸು ನಡೆಯುತ್ತದೆ.

ಇದು ಸುಳ್ಳು ಎಂದಳು ದಾಕ್ಷಾಯಣಿ. ಹೊಗೆ ಕುಡಿದ ಗಂಟಲಿನಿಂದ ಮಾತು ಮರ ಉಜ್ಜಿದ ಹಾಗೆ ಹೊರಡುತ್ತಿತ್ತು. ಅಂದಿನದಷ್ಟೇ ಅಲ್ಲ, ಇಪ್ಪತ್ತೆರಡು ವರ್ಷದ್ದೂ ಸುಳ್ಳು, ಒಂದು ವರ್ಷದ್ದು ನಾನೇ ಬರೆದದ್ದು ಎಂದಳು. ಹಾಗಂದರೆ ಲೈಸೆನ್ಸು ಹೋಗುತ್ತದೆ, ನೀವು ಜೈಲಿಗೂ ಹೋಗಬಹುದು ಎಂದು ಅಧಿಕಾರಿ ತಿಳಿಸಿದರು. ಅವಳು ತಲೆಯಾಡಿಸಿದಳು. ಹಾಗಾದರೆ ಹೇಳಿಕೆ ಕೊಡಿ ಎಂದು ಮೈಕನ್ನು ಮುಂದೆ ಸರಿಸಿದರು.

ಅವಳು ಹೆಸರು ಹೇಳಿದಳು, ಊರು ಹೇಳಿದಳು. ಪರದೆಯ ಮೇಲೆ ಕೆಂಪಕ್ಷರ ಮೂಡಿತು. ಈ ದನಿ ದಾಕ್ಷಾಯಣಿ ಹಲಗೇರಿಯವರ ದಾಖಲೆಯ ದನಿಗೆ ಹೊಂದುವುದಿಲ್ಲ. ಇನ್ನೊಮ್ಮೆ ಹೇಳಿದಳು. ಹೊಂದುವುದಿಲ್ಲ. ನಾಲ್ಕು ತಿಂಗಳಿಂದ ಇಲಾಖೆಗೂ ಕಾರ್ಯಸಖಿಯೇ ಮಾತಾಡಿತ್ತು. ಆ ಕರೆಗಳ ದಾಕ್ಷಾಯಣಿಯೊಬ್ಬಳು ಆ ಯಂತ್ರದೊಳಗೆ ಗಟ್ಟಿಯಾಗಿ ಕೂತಿದ್ದಳು. ಹೊರಗೆ ಕುರ್ಚಿಯಲ್ಲಿ ಕೂತವಳಿಗೆ ಅಲ್ಲಿ ಜಾಗವಿರಲಿಲ್ಲ.

ಅಧಿಕಾರಿ ಮೇಜಿನ ಖಾನೆಗಳನ್ನೆಲ್ಲ ಹುಡುಕಿ ನಾಲ್ಕು ಹಾಳೆ ತೆಗೆದುಕೊಟ್ಟರು. ಕೈಯಿಂದ ಬರೆಯಿರಿ, ನಾನು ಕೈಯಿಂದಲೇ ಸ್ವೀಕಾರ ಬರೆಯುತ್ತೇನೆ, ಮುಂದೆ ಯಾರು ಓದುತ್ತಾರೋ ಹೇಳಲಾರೆ ಎಂದರು. ಅವಳು ಮಧ್ಯಾಹ್ನದ ತನಕ ಕೂತು ಬರೆದಳು. ಒಂದೇ ಶಾಯಿಯಲ್ಲಿ.

ಅಲ್ಲಿಂದ ನೇರ ಆಸ್ಪತ್ರೆಗೆ ಬಂದಳು. ರಾಜೇಸಾಬನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಹೆಂಡತಿ ಮಾಬೂಬಿ ತಲೆದೆಸೆಗೆ ಕೂತಿದ್ದಳು, ಇವಳನ್ನು ಕಂಡು ಎದ್ದು ನಿಂತಳು. ಕಣ್ಣು ಬರುವುದೋ ಇಲ್ಲವೋ ಡಾಕ್ಟರು ಹೇಳಿರಲಿಲ್ಲ. ದಾಕ್ಷಾಯಣಿ ಮಂಚದ ಹತ್ತಿರ ಹೋಗಿ ಹೆಸರು ಹಿಡಿದು ಕರೆದಳು. ಗಂಟಲು ಒಡೆದಿದ್ದರೂ ಕರೆಯುವ ಧಾಟಿ ಅದೇ ಇತ್ತು.

ಅವನ ಮೈ ಸೆಟೆಯಿತು. ಎರಡೂ ಕೈ ಹೊದಿಕೆಯನ್ನು ಎದೆಗೆ ಎಳೆದುಕೊಂಡವು. ಈ ಮನುಷ್ಯ ತನ್ನ ದನಿಗೆ ಹೆದರುತ್ತಿದ್ದಾನೆಂದು ತಿಳಿಯಲು ಅವಳಿಗೆ ಅರೆಗಳಿಗೆ ಬೇಕಾಯಿತು.

"ಯಾರು ಮಾತಾಡೂದು?"

"ನಾನು, ರಾಜೇಸಾಬ. ದಾಕ್ಷಾಯಣಿ."

"ಐದ ಸಲಾನೂ ಹಂಗ ಅಂದ್ರಿ," ಎಂದ ಅವನು.

ಅವಳು ಎಲ್ಲ ಹೇಳಿದಳು. ಅದು ಬೇರೆ, ನಾನು ಬೇರೆ, ಹೇಳಿಕೆ ಬರೆದುಕೊಟ್ಟು ಬಂದಿದ್ದೇನೆ, ತಪ್ಪು ನಿಮ್ಮದಲ್ಲವೆಂದು ಬರೆದಿದ್ದೇನೆ, ಹೆಣ್ಣುಮಕ್ಕಳು ಒಬ್ಬರೂ ಸಾಯಲಿಲ್ಲ. ಅವನು ಕೇಳಿಸಿಕೊಂಡ. ಪಟ್ಟಿ ಕಟ್ಟಿದ ಮುಖದಲ್ಲಿ ಏನೂ ತಿಳಿಯಲಿಲ್ಲ. ಮಾಬೂಬಿಯ ಕಡೆ ತಿರುಗಿ, ಇದು ಫೋನೋ ಮನುಷ್ಯಳೋ ಎಂದು ಮೆಲ್ಲಗೆ ಕೇಳಿದ. ಮನುಷ್ಯಳೆಂದಳು ಮಾಬೂಬಿ. ಅವನಿಗೆ ಅದೂ ಸಾಲಲಿಲ್ಲ.

"ಎಲ್ಲಾರೂ ಹೊರಗ ಬಂದಾರ ಅಂತ ನೀವೂ ಹೇಳತೀರಿ, ಮಾಬೂಬಿನೂ ಹೇಳತಾಳ," ಎಂದ. "ನನ್ನ ಸಮಾಧಾನಕ್ಕ ಹೇಳಾಕತ್ತೀರೇನೋ. ಫಕ್ಕೀರವ್ವನ್ನ ಕರಕೊಂಡ ಬರ್ರಿ. ಉಳದವರನ್ನೂ. ತಮ್ಮ ತಮ್ಮ ಬಾಯಿಲೆ ಹೇಳಲಿ."

ಮರುದಿನ ಬೆಳಿಗ್ಗೆ ಟೆಂಪೋ ಮಾಡಿಕೊಂಡು ಬಂದರು. ವಾರ್ಡಿನೊಳಗೆ ಇಷ್ಟು ಜನರನ್ನು ಬಿಡುವುದಿಲ್ಲವೆಂದು ನರ್ಸು ಅಡ್ಡ ನಿಂತಳು. ಇಬ್ಬಿಬ್ಬರಂತೆ ಹೋಗುತ್ತೇವವ್ವಾ, ಮೆಣಸಿನಕಾಯಿ ತಂದಿಲ್ಲ ಎಂದಳು ಫಕ್ಕೀರವ್ವ. ಮೂವರು ಇನ್ನೂ ಅದೇ ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿದಿದ್ದರು, ಅವರನ್ನು ಗಾಲಿ ಕುರ್ಚಿಯಲ್ಲಿ ತಂದರು.

ಒಬ್ಬೊಬ್ಬಳೇ ಮಂಚದ ಹತ್ತಿರ ಬಂದು ತನ್ನ ಹೆಸರು ಹೇಳಿದಳು. ಬಸವಣ್ಣೆವ್ವ. ಶಾಂತವ್ವ. ದುರುಗವ್ವ. ಹಸೀನಾ. 'ನಾನ್ರೀ ಅಣ್ಣಾ, ಕರಿಯವ್ವ, ಗಂಟಲಾ ಕೆಟ್ಟೇತಿ, ಬ್ಯಾರೆ ಅನ್ಕೋಬ್ಯಾಡ್ರಿ.' ಎಲ್ಲರ ದನಿಯೂ ಒಡೆದಿತ್ತು, ಒಂದರ ಹಾಗೆ ಇನ್ನೊಂದು ಇರಲಿಲ್ಲ. ರಾಜೇಸಾಬ ಬಲಗೈಯ ಹೆಬ್ಬೆರಳಿನಿಂದ ಬೆರಳುಗಳ ಗೆಣ್ಣು ಮುಟ್ಟುತ್ತ ಎಣಿಸುತ್ತಿದ್ದ. ಪ್ರತಿ ಹೆಸರಿಗೂ ಒಂದು ಗೆಣ್ಣು. ಇಪ್ಪತ್ತಮೂರಕ್ಕೆ ಫಕ್ಕೀರವ್ವ ಬಂದು ಅವನ ಕೈ ಹಿಡಿದು ಹೆಸರು ಹೇಳಿದಳು, ಅವನು ದೊಡ್ಡದಾಗಿ ಉಸಿರು ಬಿಟ್ಟ.

ಬಾಗಿಲ ಹತ್ತಿರ ನಿಂತಿದ್ದ ದಾಕ್ಷಾಯಣಿ ಆಗ ಮುಂದೆ ಬಂದಳು. ಎಲ್ಲರ ಹಾಗೆ ತಾನೂ ಮಂಚಕ್ಕೆ ಬಾಗಿ ತನ್ನ ಹೆಸರು ಹೇಳಿದಳು.

ಹೆಬ್ಬೆರಳು ಗಾಳಿಯಲ್ಲೇ ನಿಂತಿತು. ಮುಂದಿನ ಗೆಣ್ಣಿನ ಮೇಲೆ ಇಳಿಯಲಿಲ್ಲ. ವಾರ್ಡಿನಲ್ಲಿ ಯಾರೂ ಕೆಮ್ಮಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು.

ಅವನು ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡ.